ನಾನು ತೆಗೆದುಕೊಳ್ಳದ ಬನ್ನಿ

ಹೋದ ತಿಂಗಳು ಅಕ್ಕೋರನ್ನು ಮಣ್ಣು ಮಾಡಿ ಬಂದೆವು. ಸಮಾಧಿಯ ಹತ್ತಿರ ನಾಲ್ಕು ಮಾತಾಡುವುದು ನನ್ನ ಪಾಲಿಗೆ ಬಂತು. ಬೆಟಗೇರಿಯ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಅವರನ್ನು ನನ್ನಷ್ಟು ವರ್ಷ ಬಲ್ಲವರು ಈಗ ಯಾರೂ ಉಳಿದಿಲ್ಲ. ಮಳೆಯಾಗಿ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು. ಕೊಡೆಯ ಕೆಳಗೆ ನಿಂತು, ಅವರು ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದರು, ಸಭೆಗೆ ಆಧಾರವಾಗಿದ್ದರು, ನನ್ನಂಥವನಿಗೆ ತಾಯಿಯಾಗಿದ್ದರು ಎಂದೆಲ್ಲ ಹೇಳಿದೆ. ಕೆಲವರು ಕಣ್ಣೊರೆಸಿಕೊಂಡರು. ಯಾರೋ ಬಂದು "ಭಾಳ ಚಂದ ಮಾತಾಡಿದ್ರಿ ಮಾಸ್ತರ" ಎಂದರು. ನಾನು ಕೈಮುಗಿದೆ. ಮನೆಗೆ ಬಂದು ಬಚ್ಚಲಲ್ಲಿ ಕಾಲು ತೊಳೆದುಕೊಳ್ಳುವಾಗ ನಾಚಿಕೆ ಎಂಬುದು ಅಂಗಾಲಿನಿಂದ ನೆತ್ತಿಯವರೆಗೆ ಏರಿತು. ಆಡಿದ್ದೆಲ್ಲ ಖರೆಯೇ. ಆಡಬೇಕಾದ್ದನ್ನು ಮಾತ್ರ ನುಂಗಿಕೊಂಡು ಬಂದಿದ್ದೆ. ಅದನ್ನೀಗ ಬರೆಯುತ್ತೇನೆ. ಓದಿದವರು ಉಗಿದರೆ ಉಗಿಯಲಿ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳಿಗೆ ಅಕ್ಕೋರು ಅನ್ನುತ್ತಾರೆ. ಅವರ ಹೆಸರು ಪಗಾರದ ಪುಸ್ತಕದಲ್ಲಿ ಇದ್ದಿದ್ದೇ ಬಂತು, ಯಾರೂ ಅದನ್ನು ಬಾಯಲ್ಲಿ ಆಡಿದ್ದಿಲ್ಲ. ಕುಳ್ಳಗಿನ ಆಳು, ದೊಡ್ಡ ದನಿ. ನೇಕಾರರ ಮನೆಯಲ್ಲಿ ಹುಟ್ಟಿದವರಾದ್ದರಿಂದ ಎದುರಿಗೆ ನಿಂತವರ ಬಟ್ಟೆಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡುವುದು ಅವರ ಚಟ. ಹೆಂಗಸರ ಸೆರಗಾದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಒಮ್ಮೆ ಶಾಲೆಯ ತಪಾಸಣೆಗೆ ಬಂದ ಸಾಹೇಬರ ಕೋಟಿನ ತೋಳನ್ನೇ ತಿಕ್ಕಿಬಿಟ್ಟರು. "ಇದು ಉಣ್ಣಿ ಅಲ್ಲರಿ ಸಾಹೇಬ್ರ. ಅರ್ಧಕ್ಕರ್ಧ ಹತ್ತಿ ಐತಿ. ನಿಮಗ ಯಾರೋ ಟೋಪಿ ಹಾಕ್ಯಾರ" ಎಂದರು. ಸಾಹೇಬರು ಕೆಂಪಗಾದರು. ಆ ವರ್ಷ ನಮ್ಮ ಶಾಲೆಯ ಬಗ್ಗೆ ಅವರು ಒಳ್ಳೆಯದೇನೂ ಬರೆಯಲಿಲ್ಲ.

ಹುಡುಗಿಯರು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅಕ್ಕೋರು ಹೊಡೆಯುತ್ತಿರಲಿಲ್ಲ. ಸೂಜಿ ದಾರ ಕೈಗೆ ಕೊಟ್ಟು, "ಪೋಣಸವಾ" ಎಂದು ಎದುರಿಗೆ ಕುಳಿತುಬಿಡುತ್ತಿದ್ದರು. ಸುಳ್ಳು ಹೇಳಿದ ಕೈ ನಡುಗುತ್ತದೆ, ದಾರ ಹೋಗುವುದಿಲ್ಲ, ಕಡೆಗೆ ಹುಡುಗಿ ಅತ್ತು ಖರೆ ಹೇಳುತ್ತದೆ. ನಾನು ಹುಡುಗರ ಶಾಲೆಯಲ್ಲಿ ಹೊಸದಾಗಿ ಮಾಸ್ತರನಾಗಿ ಸೇರಿದಾಗ ಇದನ್ನು ನೋಡಿ ನಗುತ್ತಿದ್ದೆ. "ನಗು ತಮ್ಮಾ, ನಗು. ನಿನ್ನ ಕೈಯಾಗೂ ಒಂದ ದಿನ ಸೂಜಿ ಬರತೈತಿ" ಅನ್ನುತ್ತಿದ್ದರು.

ದೇವರ ವಿಷಯದಲ್ಲಿ ಅವರು ಸಡಿಲು ಮನುಷ್ಯರೆಂದು ಯಾರೂ ತಿಳಿಯಬಾರದು. ನಮ್ಮ ಪೈಕಿ ಹುಡುಗಿಯೊಬ್ಬಳು ಗೆಳತಿಯ ಮನೆಯಿಂದ ಕುಂಕುಮ ಇಟ್ಟುಕೊಂಡು ಬಂದಾಗ ಅವಳನ್ನು ಕೊಡದ ಹತ್ತಿರ ಕರೆದೊಯ್ದು ತಾವೇ ಒರೆಸಿದವರು. ಆದರೆ ಪಂಚಮಿ ಬಂತೆಂದರೆ ಓಣಿಯ ಹುಡುಗಿಯರೆಲ್ಲ ಉಂಡಿ ಕಟ್ಟಿಕೊಂಡು ಅವರ ಮನೆಗೆ ಬರುತ್ತಿದ್ದರು. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟಿನ ಉಂಡಿ. ಅಕ್ಕೋರು ಬಾಗಿಲಲ್ಲೇ ನಿಂತು ಪ್ರಶ್ನೆ ಹಾಕುತ್ತಿದ್ದರು.

"ಇದು ನಾಗಪ್ಪನ ಮುಂದ ಇಟ್ಟದ್ದೋ, ಡಬ್ಬ್ಯಾಗಿಂದೋ?"

"ಡಬ್ಬ್ಯಾಗಿಂದ್ರಿ ಅಕ್ಕೋರ!"

"ಹಂಗಾರ ತಾ."

ಮಕ್ಕಳೇನು ದಡ್ಡರೇ? ಡಬ್ಬಿಯದು ಅನ್ನಬೇಕೆಂದು ಅವಕ್ಕೆ ಬಾಯಿಪಾಠವಾಗಿತ್ತು. ಅಕ್ಕೋರಿಗೂ ಅದು ಗೊತ್ತಿತ್ತು. ಮಗುವಿನ ಎದುರೇ ಒಂದು ಉಂಡಿ ಮುರಿದು ಬಾಯಿಗೆ ಹಾಕಿಕೊಂಡು, "ಬೆಲ್ಲ ಕಡಿಮಿ ಆಗೈತಿ, ನಿಮ್ಮವ್ವಗ ಹೇಳು" ಅನ್ನುತ್ತಿದ್ದರು. ದೇವರ ಮುಂದೆ ಇಟ್ಟದ್ದು ಬೇಡ, ಮನುಷ್ಯರ ಕೈಯಿಂದ ಬಂದದ್ದನ್ನು ಒಲ್ಲೆನ್ನಬಾರದು, ಇದು ಅವರು ಹಾಕಿಕೊಂಡ ಗೆರೆ. ಒಮ್ಮೆ ನಾನು ಕೆಣಕಿದೆ. ಹಬ್ಬವೇ ಅನ್ಯದೇವರದು ಅಂದಮೇಲೆ ಅದರ ಉಂಡಿ ಡಬ್ಬಿಯಲ್ಲಿದ್ದರೇನು, ಹುತ್ತದ ಮೇಲಿದ್ದರೇನು ಅಂದೆ. ಅವರು ಬಸಿಯಲ್ಲಿ ಚಹಾ ಆರಿಸಿಕೊಂಡು ಒಂದು ಗುಟುಕು ಕುಡಿದರು. "ಖರೆ ಹೇಳಬೇಕಂದ್ರ ನನಗೂ ಗೊತ್ತಿಲ್ಲ ತಮ್ಮಾ, ತಪ್ಪ ಐತೋ ಇಲ್ಲೋ. ಕರ್ತನ ಮುಂದ ನಿಂತಾಗ ಕೇಳತೀನಿ" ಎಂದರು.

ಅವರಿಗೊಬ್ಬಳು ಅಕ್ಕ ಇದ್ದಳು. ಈ ಸಂಗತಿಯನ್ನು ಅವರು ನನಗೊಬ್ಬನಿಗೇ ಹೇಳಿದ್ದು. ಕುರ್ತಕೋಟಿಯಲ್ಲಿ ನಮ್ಮವರ ಒಂದು ಮದುವೆ ಮುಗಿಸಿಕೊಂಡು ಇಬ್ಬರೂ ಎರೆಹೊಲಗಳ ನಡುವಿನ ದಾರಿಯಲ್ಲಿ ನಡೆದು ಬರುತ್ತಿದ್ದೆವು. ಅವರ ತಂದೆ ಹೆಂಡತಿ ಸತ್ತ ಮೇಲೆ ಸಣ್ಣ ಮಗಳನ್ನು ಕರೆದುಕೊಂಡು ಬಂದು ದೀಕ್ಷಾಸ್ನಾನ ತೆಗೆದುಕೊಂಡರಂತೆ. ದೊಡ್ಡವಳಿಗೆ ಆಗಲೇ ಮದುವೆಯಾಗಿತ್ತು. ಬೆಟಗೇರಿಯಲ್ಲೇ, ನಮ್ಮ ಓಣಿಯಿಂದ ಎರಡು ಓಣಿ ಆಚೆ ಗಂಡನ ಮನೆ. ಅಪ್ಪ ಕುಲ ಬಿಟ್ಟ, ತಂಗಿ ಕುಲ ಬಿಟ್ಟಳು ಎಂದು ಆಕೆ ಮಾತು ಬಿಟ್ಟಳು. ಎಷ್ಟು ವರ್ಷ ಅನ್ನುತ್ತೀರಿ? ಅಕ್ಕೋರ ಕೂದಲು ನೆರೆಯುವವರೆಗೆ. ಕ್ರಿಸ್ಮಸ್ಸಿಗೆ ಇವರು ಕರ್ಜಿಕಾಯಿ ಕಳಿಸಿದರೆ ತಾಟು ತೊಳೆದು ವಾಪಸು ಬರುತ್ತಿತ್ತು, ಅದರಲ್ಲಿ ಒಂದು ಚಿಟಿಕೆ ಸಕ್ಕರೆಯನ್ನೂ ಹಾಕದೆ.

ಆಮೇಲೆ ಒಂದು ದಸರೆಯ ಸಂಜೆ ಅಕ್ಕ ಓಣಿಯ ತಿರುವಿನಲ್ಲಿ ಬಂದು ನಿಂತಿದ್ದಳಂತೆ, ಕೈಯಲ್ಲಿ ಬನ್ನಿ ಹಿಡಿದು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬನ್ನಿ ಗಿಡದ ಎಲೆಯನ್ನು ಆ ಸಂಜೆ ಬಂಗಾರ ಎನ್ನುತ್ತಾರೆ. ಒಬ್ಬರಿಗೊಬ್ಬರು ಕೊಟ್ಟು, ಹಿರಿಯರ ಕಾಲು ಮುಟ್ಟಿ, "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಅನ್ನುತ್ತಾರೆ. ಮಾತು ಬಿಟ್ಟವರೂ ಅವತ್ತು ಮಾತಾಡಬೇಕು. ಹೊಲದ ಬದುವಿಗಾಗಿ ತಲೆ ಒಡೆದುಕೊಂಡ ಅಣ್ಣತಮ್ಮಂದಿರು ಕೂಡ ಅವತ್ತು ಒಬ್ಬರ ಮನೆಗೊಬ್ಬರು ಹೋಗುತ್ತಾರೆ. ಯಾರು ಸೋತರು ಯಾರು ಗೆದ್ದರು ಎಂದು ಯಾರೂ ಕೇಳುವ ಹಾಗಿಲ್ಲ, ಹಬ್ಬದ ನೆಪ ಇರುತ್ತದೆ.

"ಆಕಿ ಏನೂ ಅನಲಿಲ್ಲ ತಮ್ಮಾ. ಕೈ ಮುಂದ ಮಾಡಿದ್ಲು. ನಾ ತಗೊಂಡೆ. ಕಾಲ ಮುಟ್ಟಿದೆ. 'ಎಷ್ಟ ಸಣ್ಣಾಗೀಯಲೇ' ಅಂದ್ಲು. ಅಷ್ಟ." ಅಕ್ಕೋರು ದಾರಿಯಲ್ಲಿ ನಿಂತು ಮೂಗು ಸೀಟಿಕೊಂಡರು. "ವರ್ಷಕ್ಕ ಒಂದ ಸಂಜಿ. ಮರುದಿನ ಬಾವಿ ಹತ್ರ ಎದುರಾದ್ರೂ ಮಾತಿಲ್ಲ. ಮತ್ತ ಮುಂದಿನ ದಸರಾಕ್ಕ."

ಈ ಮಾತನ್ನು ನೆನಪಿಡಿ. ನನಗೂ ನೆನಪಿತ್ತು. ನೆನಪಿದ್ದೇ ನಾನು ಮಾಡಿದ್ದು.

ಸ್ವಾತಂತ್ರ್ಯ ಬರುವ ಹೊತ್ತಿಗೆ ನಮ್ಮ ಮಿಷನ್ನಿನ ಬಿಳಿ ದೊರೆಗಳು ಊರು ಬಿಟ್ಟಿದ್ದರು. ಸಭೆ ನಮ್ಮವರ ಕೈಗೆ ಬಂತು. ಬಂದಮೇಲೆ ಹಿರಿಯರು ಸಡಿಲಾಗುತ್ತಾರೆಂದು ಯಾರಾದರೂ ಎಣಿಸಿದ್ದರೆ ಅದು ಸುಳ್ಳಾಯಿತು. ದೊರೆಗಿಂತ ಇವರೇ ಬಿಗಿಯಾದರು. ಅದಕ್ಕೂ ಕಾರಣವಿತ್ತು ಅನ್ನಿ. ಪೇಟೆಯಲ್ಲಿ ನಮ್ಮನ್ನು ಕಂಡರೆ "ದೊರಿ ಹ್ವಾದಾ, ಇನ್ನ ನೀವೂ ಹೊಳ್ಳಿ ಬರ್ರೆಪಾ" ಎಂದು ಚೇಷ್ಟೆ ಮಾಡುತ್ತಿದ್ದರು. ನಾವು ಹೊಳ್ಳಿ ಹೋಗುವವರಲ್ಲ ಎಂದು ದಿನಾ ತೋರಿಸಬೇಕಾಗಿತ್ತು. ಆಗಸ್ಟ್ ಹದಿನೈದಕ್ಕೆ ಧ್ವಜದ ಕಂಬದ ಬುಡಕ್ಕೆ ಯಾರೋ ತೆಂಗಿನಕಾಯಿ ಒಡೆದರು, ಚೂರುಗಳನ್ನು ಎಲ್ಲ ಶಾಲೆಯ ಮಕ್ಕಳಿಗೂ ಹಂಚಿದರು. ನಮ್ಮ ಮಕ್ಕಳು ಚೂರನ್ನು ಅಂಗೈಯಲ್ಲಿ ಹಿಡಿದುಕೊಂಡು, ತಿನ್ನಬೇಕೋ ಬೇಡವೋ ಎಂದು ಹಿರಿಯರ ಮುಖ ನೋಡಿದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕೋರು ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಕಟುಂ ಎಂದು ಕಡಿದರು. "ತಿನ್ರವಾ ತಿನ್ರಿ. ದೇಶದ ಕಾಯಿ ಇದು" ಎಂದರು. ಮಕ್ಕಳು ತಿಂದವು. ಹಿರಿಯರು ಅದನ್ನು ಮನಸ್ಸಿನಲ್ಲಿಟ್ಟುಕೊಂಡರು.

ಅವರಲ್ಲಿ ಮುಖ್ಯರಾದವರು ನೂಲಿಗೆ ಬಣ್ಣ ಹಾಕುವ ಕಾರಖಾನೆ ಇಟ್ಟಿದ್ದರು. ಬಣ್ಣದ ಹಿರಿಯರು ಎಂದೇ ನಾವು ಕರೆಯುತ್ತಿದ್ದೆವು. ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ. ಕೆಟ್ಟವರಲ್ಲ. ಅವರಿಗೆ ನೇಕಾರರ ಓಣಿಯಲ್ಲೇ ವ್ಯಾಪಾರ, ದಿನಾ ಆ ಚೇಷ್ಟೆಯ ಮಾತು ಕೇಳಿ ಕೇಳಿ ಕುದಿಯುತ್ತಿದ್ದರು. ಬನ್ನಿ ತಗೊಳ್ಳಬಾರದು, ಪಣತಿ ಹಚ್ಚಬಾರದು, ಎಳ್ಳು ಬೆಲ್ಲ ಕೊಡಬಾರದು, ಮಗ್ಗಕ್ಕೆ ಹೂ ಏರಿಸಬಾರದು, ಮಾಡಿದವರಿಗೆ ಕರ್ತನ ರಾತ್ರಿ ಭೋಜನ ಇಲ್ಲ ಎಂದು ಅವರೇ ಮುಂದೆ ನಿಂತು ನೇಮ ಮಾಡಿಸಿದರು. ರಾತ್ರಿ ಭೋಜನವೆಂದರೆ ನಮಗೆ ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ. ಅದಕ್ಕೆ ಹೊರಗಾದವನು ದೇವಾಲಯದೊಳಗೆ ಕುಳಿತಿದ್ದರೂ ಹೊರಗಿನವನೇ.

ಆ ನೇಮ ಮಾಡಿದವರಿಗೇ ಒಂದು ಫಜೀತಿಯಾಯಿತು. ಕ್ರಿಸ್ಮಸ್ಸಿಗೆ ದೇವಾಲಯದಲ್ಲಿ ಗಿಡ ನಿಲ್ಲಿಸಿ ಬಣ್ಣದ ಕಾಗದ, ಅರಳೆ ಅಂಟಿಸುವುದು ದೊರೆಗಳು ಕಲಿಸಿ ಹೋದ ಪದ್ಧತಿ. ಎಲ್ಲಿಂದಲೋ ಸರುವೆಯ ಗಿಡ ತರಿಸುತ್ತಿದ್ದರು. ಆ ವರ್ಷ ಅದು ಬರಲಿಲ್ಲ. ಆಳು ಮುಳಗುಂದದ ದಾರಿಗೆ ಹೋಗಿ ಕೈಗೆ ಸಿಕ್ಕ ದೊಡ್ಡ ಟೊಂಗೆ ಕಡಿದು ತಂದ. ನಿಲ್ಲಿಸಿ ನೋಡಿದರೆ ಬನ್ನಿ! ನಮ್ಮ ಸೀಮೆಯಲ್ಲಿ ಬನ್ನಿ ಗುರುತು ಸಿಗದವರು ಯಾರಿದ್ದಾರೆ? ಎಲ್ಲರಿಗೂ ತಿಳಿಯಿತು, ಯಾರೂ ಬಾಯಿ ಬಿಡಲಿಲ್ಲ. ಬಣ್ಣದ ಹಿರಿಯರು ಒಮ್ಮೆ ಸುತ್ತು ಹಾಕಿ, "ಜಾಲಿ ಐತಿ, ಜಾಲಿ" ಎಂದರು. "ಹೌದ್ರಿ, ಜಾಲಿನ" ಎಂದೆವು ನಾವು. ಅದಕ್ಕೇ ಅರಳೆ ಅಂಟಿಸಿ, ಅದರ ಮುಂದೇ ಹಾಡಿದೆವು. ಅಕ್ಕೋರು ಹಿಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದರು, ಹೆಗಲು ಅಲುಗುತ್ತಿತ್ತು.

ಮರುವರ್ಷದ ದಸರೆಗೆ ನಾನು ಗದಗಿನ ಪೇಟೆಗೆ ಹೋಗಿದ್ದೆ. ಇನ್ನೊಂದು ಶಾಲೆಯಲ್ಲಿ ಮಾಸ್ತರನಾಗಿದ್ದ ಗೆಳೆಯ ಎದುರಾಗಿ, "ಏ ದೋಸ್ತ!" ಎಂದು ಅಪ್ಪಿಕೊಂಡು ಕೈಯಲ್ಲಿ ಬನ್ನಿ ಇಟ್ಟ. ತಗೊಂಡೆ. ಕೋಟಿನ ಕಿಸೆಗೆ ಹಾಕಿಕೊಂಡೆ. ತಲೆ ಎತ್ತಿದರೆ ಬಣ್ಣದ ಹಿರಿಯರು ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ. ಆ ತಿಂಗಳೇ ನನ್ನನ್ನು ಹುಡುಗರ ಶಾಲೆಯ ಹೆಡ್‌ಮಾಸ್ತರ ಮಾಡುವ ಮಾತು ನಡೆದಿತ್ತು. ಎರಡು ದಿನ ನನಗೆ ಊಟ ಸೇರಲಿಲ್ಲ.

ಮೂರನೆಯ ದಿನ ಹಿರಿಯರ ಸಭೆ. ಅದರ ನಡಾವಳಿ ಬರೆಯುವ ಕೆಲಸ ನನ್ನದು. ಸಭಾಪಾಲಕರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು, ಸಾಧು ಮನುಷ್ಯರು. ಅವರ ಪ್ರಾರ್ಥನೆ ಮುಗಿಯುತ್ತಲೇ ಬಣ್ಣದ ಹಿರಿಯರು ನನ್ನ ಕಡೆ ನೋಡಿ, "ನಮ್ಮ ಮಾಸ್ತರ ಮಂದ್ಯಾಗ ಯಾರೋ ಬನ್ನಿ ತಗೊಂಡಾರ ಅಂತ ಖಬರ ಬಂದೈತಿ" ಎಂದರು.

ನನ್ನ ಬಾಯಿ ನನ್ನನ್ನು ಕೇಳಲಿಲ್ಲ. "ಅಕ್ಕೋರು ವರ್ಷಾ ತಗೊಂತಾರ್ರಿ" ಎಂದೆ.

ಯಾರಿಂದ ತಗೊಳ್ಳುತ್ತಾರೆ, ಯಾಕೆ ತಗೊಳ್ಳುತ್ತಾರೆ ಎಂದು ಹೇಳಬಹುದಿತ್ತು. ಅಕ್ಕ ಎಂಬ ಶಬ್ದವನ್ನೇ ನಾನು ಎತ್ತಲಿಲ್ಲ. ಎತ್ತಿದ್ದರೆ ಅಯ್ಯನವರ ಮನಸ್ಸು ಕರಗುತ್ತಿತ್ತೋ ಏನೋ, ಕರಗಿದರೆ ಮಾತು ಮತ್ತೆ ನನ್ನ ಕಡೆ ತಿರುಗುತ್ತಿತ್ತು. ಇಷ್ಟು ಲೆಕ್ಕ ಅರೆಕ್ಷಣದಲ್ಲಿ ಹಾಕಿದೆ. ಹೇಡಿಯ ತಲೆ ಭಾಳ ಜಲ್ದಿ ಓಡುತ್ತದೆ.

ಅಕ್ಕೋರನ್ನು ಕರೆಸಿದರು. ಬಂದು ನನ್ನ ಎದುರಿಗೆ ಮೇಜಿನ ಆಚೆ ಕುಳಿತರು. ಬೆರಳಿಗೆ ಸೀಮೆಸುಣ್ಣ ಹತ್ತಿತ್ತು.

"ಅಕ್ಕೋರ, ಬನ್ನಿ ತಗೊಂಡೀರೇನು?" ಅಯ್ಯನವರು ಕೇಳಿದರು.

"ತಗೊಂಡೀನ್ರಿ."

"ಅದು ಅನ್ಯದೇವರ ಹಬ್ಬದ್ದು ಅಂತ ಗೊತ್ತಿಲ್ಲೇನು?" ಇದು ಬಣ್ಣದ ಹಿರಿಯರು.

"ಗೊತ್ತೈತ್ರಿ. ಕ್ರಿಸ್ಮಸ್ಸಿನ ಗಿಡಾನೂ ಹಂಗ ಅಲ್ಲೇನ್ರಿ? ದೊರಿಸಾನಿನ ನನಗ ಹೇಳಿದ್ಲು, ಅವರ ದೇಶದಾಗ ಹಿಂದಕ್ಕ ಗಿಡಕ್ಕ ಪೂಜಾ ಮಾಡತಿದ್ರಂತ. ಆಮ್ಯಾಲ ಕರ್ತನ ಮನಿಯೊಳಗ ತಂದು ನಿಲ್ಲಿಸಿದ್ರಂತ. ಅವರದು ಇಡೀ ಗಿಡಾ ಒಳಗ ಬಂತು. ನಂದು ಒಂದ ಎಲಿ."

"ಅದು ಬ್ಯಾರೆ."

"ಆತು, ಬ್ಯಾರೆ. ಹೋದ ವರ್ಷ ನಮ್ಮ ಗುಡಿಯೊಳಗ ನಿಂತಿತ್ತಲ್ಲ, ಅದು ಯಾವ ಗಿಡಾರಿ?"

ಬಣ್ಣದ ಹಿರಿಯರ ಕಿವಿ ಕೆಂಪಾಯಿತು. "ಜಾಲಿ" ಎಂದರು.

"ಹೌದ್ರಿ, ಜಾಲಿ. ಒಳಗ ಬಂದ್ರ ಜಾಲಿ, ಹೊರಗ ನಿಂತ್ರ ಬನ್ನಿ."

ಅವರು ಅದನ್ನು ಆಡಬಾರದಿತ್ತು. ಅಷ್ಟು ಹೊತ್ತು ಮೆತ್ತಗೆ ಮಾತಾಡುತ್ತಿದ್ದವರೆಲ್ಲ ಗಟ್ಟಿಯಾಗಿಬಿಟ್ಟರು. ಅವರ ನಾಲಿಗೆ ಅವರಿಗೆ ಯಾವಾಗಲೂ ವೈರಿ. ನಾನು ತಲೆ ಬಗ್ಗಿಸಿ ಬರೆಯುವ ನೆಪ ಮಾಡುತ್ತಿದ್ದೆ. ಪೆನ್ಸಿಲಿನ ಮೊನೆ ಮುರಿಯಿತು. ಇನ್ನೊಂದನ್ನು ಕೋಟಿನ ಕಿಸೆಯಿಂದ ಎಳೆದೆ. ಅದರ ಜೊತೆ ಆ ಬನ್ನಿಯ ಕಡ್ಡಿ ಬಂದು ನಡಾವಳಿ ಪುಸ್ತಕದ ಮೇಲೆ ಬಿತ್ತು. ಒಣಗಿ, ಎರಡು ಎಲೆ ಉದುರಿ, ಹಾಳೆಯ ನಟ್ಟನಡುವೆ.

ಬಣ್ಣದ ಹಿರಿಯರು ಅಯ್ಯನವರ ಕಡೆ ತಿರುಗಿ ಏನೋ ಹೇಳುತ್ತಿದ್ದರು. ಅಕ್ಕೋರು ಎಲೆಯನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಏನೋ ಬರೆದದ್ದನ್ನು ಓದುವವರ ಹಾಗೆ ಮುಂದೆ ಬಾಗಿ ಪುಸ್ತಕದ ಮೇಲೆ ಅಂಗೈ ಊರಿದರು. ಸೀಮೆಸುಣ್ಣದ ಆ ಕೈ ಎಲೆಯ ಮೇಲೆ ಹಾಗೆಯೇ ಇತ್ತು.

"ತಪ್ಪಾತು ಅನ್ರಿ ಅಕ್ಕೋರ. ಇನ್ನ ಮುಂದ ತಗೊಳ್ಳಂಗಿಲ್ಲ ಅಂತ ಒಂದ ಮಾತ ಅನ್ರಿ. ಮುಗೀತು" ಎಂದರು ಅಯ್ಯನವರು, ಬೇಡಿಕೊಳ್ಳುವ ದನಿಯಲ್ಲಿ.

"ತಪ್ಪಾತು ಅಂತ ನೂರ ಸರ್ತಿ ಅಂತೀನ್ರಿ ಅಯ್ಯನವರ. ಮುಂದ ತಗೊಳ್ಳಂಗಿಲ್ಲ ಅನ್ನಾಕ ನನಗ ಬರಂಗಿಲ್ಲ."

"ಯಾಕ?"

ಅವರು ನನ್ನ ಕೈಯ ಪೆನ್ಸಿಲಿನ ಕಡೆ ನೋಡಿದರು. ಈಗ ನಾನು ಹೇಳಬೇಕಿತ್ತು. ಕುರ್ತಕೋಟಿಯ ದಾರಿಯಲ್ಲಿ ಕೇಳಿದ್ದನ್ನು ಹೇಳಲು ಆ ಕೋಣೆಯಲ್ಲಿ ನಾನೊಬ್ಬನೇ ಇದ್ದೆ. ಅಕ್ಕೋರೂ ಸ್ವಲ್ಪ ಹೊತ್ತು ಕಾದರು ಅನಿಸುತ್ತದೆ. ನಾನು ಪೆನ್ಸಿಲ್ ಹಿಡಿದುಕೊಂಡೇ ಕುಳಿತೆ. ಅವರು ಅಂಗೈ ಮುಚ್ಚಿಕೊಂಡು ಎದ್ದರು. ಪುಸ್ತಕದ ಮೇಲೆ ಎಲೆ ಇರಲಿಲ್ಲ. "ಬರಕೋ ತಮ್ಮಾ" ಎಂದು ಹೊರಗೆ ಹೋದರು. ಅವರನ್ನು ರಾತ್ರಿ ಭೋಜನದಿಂದ ಹೊರಗಿಟ್ಟ ನಿರ್ಣಯವನ್ನು ನಾನು ದುಂಡಗಿನ ಅಕ್ಷರದಲ್ಲಿ ಬರೆದೆ. ಆ ತಿಂಗಳು ಹೆಡ್‌ಮಾಸ್ತರನಾದೆ.

ಆಮೇಲಿನ ವರ್ಷಗಳಲ್ಲಿ ಅವರು ಒಂದು ಭಾನುವಾರವೂ ದೇವಾಲಯ ತಪ್ಪಿಸಲಿಲ್ಲ. ಎಲ್ಲಕ್ಕೂ ಹಿಂದಿನ ಬೆಂಚು. ರೊಟ್ಟಿಯ ತಾಟು ಹೊರಡುವ ಹೊತ್ತಿಗೆ ಕೂಸಿರುವ ತಾಯಂದಿರು ಹಿಂದೆ ಬಂದು ತಮ್ಮ ಕೂಸುಗಳನ್ನು ಅಕ್ಕೋರ ಕೈಗೆ ಕೊಟ್ಟು ಮುಂದೆ ಹೋಗುತ್ತಿದ್ದರು. ಭೋಜನಕ್ಕೆ ಹೋಗುವ ಹಾಗಿಲ್ಲದವರು ಅವರೊಬ್ಬರೇ ಅಲ್ಲವೇ, ಅನುಕೂಲವಾಯಿತು! ಒಂದನ್ನು ಕಂಕುಳಲ್ಲಿ, ಒಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಅವುಗಳ ಲಂಗದ ಬಟ್ಟೆಯನ್ನು ತಿಕ್ಕಿ ನೋಡುತ್ತಿದ್ದರು. ನನ್ನ ಮಗಳನ್ನೂ ಹಿಡಿದುಕೊಂಡರು. ನಾನು ಮುಂದೆ ಮೊಣಕಾಲೂರಿ ರೊಟ್ಟಿ ತಗೊಂಡು ಬಂದು, ಅವರ ಕೈಯಿಂದ ನನ್ನ ಕೂಸನ್ನು ಇಸಗೊಂಡೆ. "ಉಚ್ಚಿ ಹೊಯ್ದಾಳ ನಿನ್ನ ಮಗಳು" ಎಂದು ನಕ್ಕರು. ನಾನೂ ನಕ್ಕೆ. ಹೀಗೆ ನಕ್ಕದ್ದು ನೆನಪಾದರೆ ಈಗ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಇಂಥ ಮಾತುಗಳನ್ನು ಬಿಟ್ಟರೆ ನಮ್ಮಿಬ್ಬರ ನಡುವೆ ಮಾತು ನಿಂತೇಹೋಯಿತು. ಅವರಲ್ಲ ನಿಲ್ಲಿಸಿದ್ದು, ನಾನು.

ಪ್ರತಿ ದಸರೆಗೂ ಅವರು ಓಣಿಯ ತಿರುವಿಗೆ ಹೋಗುತ್ತಲೇ ಇದ್ದರು.

ಕರ್ನಾಟಕ ಒಂದಾದ ವರ್ಷ ಹಿರಿಯರಿಗೆ ಮತ್ತೊಂದು ಪೇಚು ಬಂತು. ನವೆಂಬರ್ ಒಂದಕ್ಕೆ ನಾಡು ಒಂದಾಗುತ್ತದೆ, ಮನೆಮನೆಗೆ ದೀಪ ಹಚ್ಚಿರಿ ಎಂದು ಡಂಗುರ ಹೊಡೆಸಿದರು. ದೀಪಾವಳಿಯೂ ಅದೇ ದಿನಗಳಲ್ಲಿ ಬಂದು ಕೂತಿತ್ತು. ಹಚ್ಚಿದರೆ ಅನ್ಯರ ಹಬ್ಬ, ಹಚ್ಚದಿದ್ದರೆ ನಾವು ಕನ್ನಡದವರೇ ಅಲ್ಲ! ಒಂದು ಮಧ್ಯಾಹ್ನವೆಲ್ಲ ಚರ್ಚೆಯಾಯಿತು. ಕಂದೀಲು ಹಚ್ಚಬಹುದು, ಪಣತಿ ಕೂಡದು. ಕಂದೀಲು ಕಟ್ಟೆಯ ಮೇಲಿರಬೇಕು, ಹೊಸ್ತಿಲಲ್ಲಿ ಕೂಡದು. ಒಂದು ದಿನ ಹಚ್ಚಿದರೆ ನಾಡಿನದು, ಮರುದಿನವೂ ಹಚ್ಚಿದರೆ ಹಬ್ಬದ್ದು. ಇದೆಲ್ಲವನ್ನೂ ಬರೆದವನು ನಾನೇ. ಸಂಜೆಯಾಯಿತು. ಗದಗು ಬೆಟಗೇರಿ ಎರಡೂ ಬೆಳಗಿದವು. ಬಣ್ಣದ ಹಿರಿಯರಿಗೆ ಉಮೇದು ಬಂದು ಕಂದೀಲು ಸಾಲದೆ ಮಣ್ಣಿನ ಪಣತಿಗಳನ್ನೇ ತರಿಸಿ ಸಾಲಾಗಿ ಇಡಿಸಿದರು. ಕಣ್ಣಲ್ಲಿ ನೀರು ಬೇರೆ. "ಮುಂಬಯಿ ಇಲಾಖೆದಾಗ ಹುಟ್ಟಿದೆ, ಕನ್ನಡ ರಾಜ್ಯದಾಗ ಸಾಯತೀನಿ" ಅನ್ನುತ್ತಿದ್ದರು.

ಅಕ್ಕೋರು ಸೆರಗು ಹೊದ್ದು ಬಂದು ಆ ಸಾಲನ್ನು ನೋಡುತ್ತ ನನ್ನ ಪಕ್ಕ ನಿಂತರು. "ಎಣ್ಣಿಗೆ ಗೊತ್ತಿರತೈತೇನು ತಮ್ಮಾ, ತಾನು ಯಾರ ಸಲುವಾಗಿ ಉರಿಯಾಕತ್ತೇನಿ ಅಂತ?" ಎಂದರು. ಕುಹಕ ಇರಲಿಲ್ಲ, ನಿಜವಾಗಿ ಕೇಳಿದಂತಿತ್ತು. ನಾಡಿನ ನೆಪದಲ್ಲಿ ಪಣತಿ ಒಪ್ಪುವುದಾದರೆ ಅಕ್ಕನ ನೆಪದಲ್ಲಿ ಬನ್ನಿ ಯಾಕಾಗದು ಎಂದು ಆ ಬೆಳಕಿನಲ್ಲಿ ಬಣ್ಣದ ಹಿರಿಯರಿಗೆ ನಾನು ಒಂದು ಮಾತು ಹೇಳಿದ್ದರೆ ಅವರು ಒಪ್ಪುತ್ತಿದ್ದರು, ಅವತ್ತು ಏನು ಕೇಳಿದರೂ ಒಪ್ಪುತ್ತಿದ್ದರು. ನಾನು "ಗಾಳಿ ಬಿಟ್ಟೈತಿ ಅಕ್ಕೋರ, ಒಳಗ ನಡೀರಿ" ಎಂದೆ.

ಎರಡು ವರ್ಷದ ಮೇಲೆ ಅವರ ಅಕ್ಕ ತೀರಿಕೊಂಡಳು. ಹೊಸದಾಗಿ ಬಂದಿದ್ದ ಅಯ್ಯನವರು ಆ ಓಣಿಯವರಿಂದ ವಿಷಯ ತಿಳಿದು, ಇನ್ನು ಅವರನ್ನು ಹೊರಗೆ ಕೂಡಿಸಲು ಕಾರಣವೇ ಇಲ್ಲವಲ್ಲ ಎಂದು ಒಳಗೆ ಕರೆದರು. ಆ ಭಾನುವಾರ ಅಕ್ಕೋರು ಮುಂದೆ ಬಂದು ಮೊಣಕಾಲೂರಿದರು. ನಾನೂ ಆಗ ಹಿರಿಯರಲ್ಲೊಬ್ಬ. ರೊಟ್ಟಿಯ ತಾಟನ್ನು ಅವರ ಮುಂದೆ ಹಿಡಿದವನು ನಾನೇ. ಅವರು ತಗೊಂಡರು. ತಾಟು ನನ್ನ ಕೈಯಲ್ಲಿ ನಡುಗಿ ಸಣ್ಣ ಸದ್ದಾಯಿತು. ಸೂಜಿ ದಾರ ನೆನಪಾಯಿತು.

ಅದೇ ವರ್ಷದ ದಸರೆಯ ಸಂಜೆ. ಬಣ್ಣದ ಹಿರಿಯರು ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಬಾಗಿಲಲ್ಲಿ ಅಕ್ಕೋರು ಬಂದು ನಿಂತರು. ಹಿರಿಯರನ್ನು ಕಂಡರೂ ಹಿಂದೆ ಸರಿಯಲಿಲ್ಲ. ಮುಷ್ಟಿ ಬಿಚ್ಚಿದರು. ಬನ್ನಿ.

"ತಗೋ ತಮ್ಮಾ. ವರ್ಷಕ್ಕೊಮ್ಮೆ ಕೊಟ್ಟು ತಗೊಳ್ಳೋ ಚಟ ಬಿದ್ದೈತಿ ಈ ಕೈಗೆ. ಆಕಿ ಹ್ವಾದ್ಲು. ನನಗ ಮಾತ ಬಿಟ್ಟವರು ಅಂತ ಇನ್ನ ನೀ ಒಬ್ಬನ ಉಳದೀ."

ಹಿರಿಯರು ಬಸಿಯಿಂದ ತಲೆ ಎತ್ತಲಿಲ್ಲ. ನಾನು ತಗೊಂಡಿದ್ದರೂ ಅವರು ನೋಡದಂತೆ ಇದ್ದುಬಿಡುತ್ತಿದ್ದರು, ಈಗ ನನಗೆ ಖಾತ್ರಿಯಿದೆ, ವಯಸ್ಸಾಗಿ ಅವರೂ ಮೆತ್ತಗಾಗಿದ್ದರು. ಒಳಬಾಗಿಲಲ್ಲಿ ನನ್ನ ಹೆಂಡತಿ "ತಗೋರಿ" ಎಂದು ಕಣ್ಣಲ್ಲೇ ಅನ್ನುತ್ತಿದ್ದಳು. ನನಗೆ ಬೇಕಾದದ್ದೆಲ್ಲ ಆ ಅಂಗೈಯಲ್ಲಿತ್ತು.

"ನಾವು ತಗೊಳ್ಳಂಗಿಲ್ಲಲ್ಲರಿ ಅಕ್ಕೋರ" ಎಂದೆ.

ಅವರು ಅಂಗೈ ಮುಚ್ಚಿಕೊಂಡರು, ಹಿಂದೆ ಆ ಮೇಜಿನ ಮೇಲೆ ಮುಚ್ಚಿಕೊಂಡ ಹಾಗೆಯೇ. "ಆತು ಬಿಡಪಾ. ಮುಂದಿನ ವರ್ಷ ನೋಡೂಣು" ಎಂದು ಮೆಟ್ಟಿಲಿಳಿದು ಹೋದರು.

ಮುಂದಿನ ವರ್ಷ ನಾನು ದಸರೆಗೆ ಶಿರಹಟ್ಟಿಯ ನೆಂಟರ ಮನೆಗೆ ಹೋದೆ. ಅದರ ಮುಂದಿನ ವರ್ಷ ಮುಂಡರಗಿಯಲ್ಲಿ ಏನೋ ಕೆಲಸ ಹುಟ್ಟಿಸಿಕೊಂಡೆ. ಇನ್ನೊಮ್ಮೆ ಲಕ್ಷ್ಮೇಶ್ವರ. ಎಪ್ಪತ್ತು ದಾಟಿದ ಮುದುಕಿಗೆ ಹೆದರಿ ಊರೂರು ತಿರುಗಿದ ಗಂಡಸು ನಾನೊಬ್ಬನೇ ಇರಬೇಕು. ಪ್ರತಿ ಸಲ ವಾಪಸು ಬಂದಾಗ ನಮ್ಮ ಕಿಟಕಿಯ ಕಟ್ಟೆಯ ಮೇಲೆ ಒಂದು ಬನ್ನಿಯ ಕಡ್ಡಿ ಇರುತ್ತಿತ್ತು. ಯಾರಾದರೂ ನೋಡಿಯಾರೆಂದು ಅದನ್ನು ಎತ್ತಿ ಬಚ್ಚಲೊಲೆಗೆ ಹಾಕುತ್ತಿದ್ದೆ. ನೋಡಿದ್ದರೆ ಏನಾಗುತ್ತಿತ್ತು? ಏನೂ ಇಲ್ಲ. ಆ ನೇಮವನ್ನು ಅಷ್ಟು ಹೊತ್ತಿಗೆ ಎಲ್ಲರೂ ಮರೆತಿದ್ದರು. ಈಗಂತೂ ನಮ್ಮ ಹುಡುಗರು ಬನ್ನಿ ಹಂಚಿಕೊಂಡು ಕುಣಿಯುತ್ತಾರೆ, ಅಯ್ಯನವರೂ ಕೈಯೊಡ್ಡುತ್ತಾರೆ. ಹಬ್ಬದ ಮೂಲ ಎಲ್ಲಿಯದು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಹೇಳಲು ನನಗೆ ಯೋಗ್ಯತೆಯಿಲ್ಲ. ನನ್ನ ಭಯ ಶಾಸ್ತ್ರದ್ದಾಗಿರಲೇ ಇಲ್ಲ. ಆ ಮುಖವನ್ನು ಎದುರಿಗೆ ನಿಂತು ನೋಡಲು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ.

ಸಮಾಧಿಯ ದಿನ ಜನ ಚದುರಿದ ಮೇಲೆ, ದೂರದಲ್ಲಿ ಬೇಲಿಯ ಆಚೆ ನಿಂತಿದ್ದ ಹೆಣ್ಣುಮಗಳೊಬ್ಬಳು ಹತ್ತಿರ ಬಂದಳು. ಐವತ್ತರ ವಯಸ್ಸು, ಹಣೆಯ ತುಂಬ ಕುಂಕುಮ, ಅಕ್ಕೋರದೇ ಮೂಗು. ಅಕ್ಕೋರ ಅಕ್ಕನ ಮಗಳು.

"ನೀವ ಅಲ್ಲರಿ ಹೆಡ್‌ಮಾಸ್ತರು? ನಮ್ಮ ಚಿಗವ್ವ ನಿಮ್ಮ ಸುದ್ದಿ ಭಾಳ ಹೇಳತಿದ್ಲು."

"ಏನಂತ?" ಎಂದೆ.

"ನಮ್ಮವ್ವ ಹೋದ ಮ್ಯಾಲ ವರ್ಷಾ ಬನ್ನಿ ತಗೊಂಡು ನಿಮ್ಮ ಮನಿಗೇ ಬರತಿದ್ಲಲ್ಲರಿ. 'ನಿಮ್ಮ ಮಂದಿ ನಿನ್ನ ಕೈಯಾಗಿಂದು ತಗೊಂತಾರೇನು ಚಿಗವ್ವ' ಅಂತ ನಾ ಕಾಡಸತಿದ್ದೆ. 'ಯಾರು ತಗೊಳ್ಳಲಿ ಬಿಡಲಿ, ನಮ್ಮ ಮಾಸ್ತರ ತಗೊಂತಾನ. ಎರಡೂ ಕೈ ಒಡ್ಡಿ ತಗೊಂತಾನ' ಅಂತಿದ್ಲು." ಆಕೆ ಸೆರಗಿನಿಂದ ಕಣ್ಣೊತ್ತಿಕೊಂಡಳು. "ಖರೇನರಿ?"

ಮಳೆ ಹನಿಯುತ್ತಿತ್ತು. ನನ್ನ ಮರ್ಯಾದೆಯನ್ನು ಆ ಮುದುಕಿ ತನ್ನ ರಕ್ತಸಂಬಂಧಿಗಳ ಮುಂದೆಯೂ ಅಂಗೈ ಇಟ್ಟು ಮುಚ್ಚಿದ್ದರು.

"ಹೌದವಾ. ತಗೊಂತಿದ್ದೆ" ಎಂದೆ.

"ಹಂಗಾರ ಈ ಸರ್ತಿ ನಾ ತಂದ ಕೊಡತೀನ್ರಿ. ಚಿಗವ್ವ ಬನ್ನಿ ಕೊಡತಿದ್ದ ಮನಿ ಬಿಟ್ಟೋಗಬಾರದು."

"ತಾರವಾ" ಎಂದೆ.

ದಸರೆಗೆ ಇನ್ನು ಎರಡು ತಿಂಗಳಿದೆ. ಆ ಸಂಜೆ ನಾನು ಮನೆಯಲ್ಲಿರಬೇಕು.